ಎಡಗಾಲು

ನಾಪೋಕ್ಲಿನ ಮೈದಾನದಲ್ಲಿ ಒಂದೂವರೆಯ ಬಿಸಿಲು
ನೆಲದಿಂದಲೇ ಏಳುತ್ತದೆ.
ಅಂಚೆ ಕಚೇರಿಯಲ್ಲಿ ಅರ್ಧ ದಿನದ ರಜೆ ಬರೆದಿಟ್ಟು
ಅವ್ವನನ್ನು ಜೀಪಿನ ಮುಂದಿನ ಸೀಟಿಗೆ ಹತ್ತಿಸಿ ತಂದಿದ್ದೇನೆ.
ಹಿಂದೆ ಅಪ್ಪ, ಒಂದು ಕೊಡೆ, ಮಡಿಚುವ ಕುರ್ಚಿ ಮೂರು.
ದಾರಿಯುದ್ದಕ್ಕೂ ಮಾತಿಲ್ಲ.

ಇವತ್ತು ನಮ್ಮ ಬೊಳ್ಳಚಂಡ ಒಕ್ಕಕ್ಕೆ
ಎದುರಾಳಿ ಚೇಮಿರ.
ಚೇಮಿರ ಅಂದರೆ ಅವ್ವ ಹುಟ್ಟಿದ ಮನೆ.

ಇಳಿದದ್ದೇ ಅಪ್ಪ ತನ್ನ ಕುರ್ಚಿ ಹೊತ್ತು
ನಮ್ಮವರ ಶಾಮಿಯಾನಕ್ಕೆ ನಡೆದ.
ಆ ಕಡೆಯಿಂದ ಸೋದರಮಾವ ಟೋಪಿ ಬೀಸಿ ಕರೆದ.
ಅವ್ವ ಅತ್ತ ನೋಡಿದಳು, ಇತ್ತ ನೋಡಿದಳು,
ಗೋಲಿನ ಹಿಂದೆ, ಬಲೆಯಿಂದ ಹತ್ತು ಮಾರು ದೂರ
ಬೇಲಿ ಮಗ್ಗುಲಿನ ಹಾಲವಾಣ ತೋರಿಸಿ
"ಇಲ್ಲಿ ಹಾಕು, ನೆರಳಿದೆ" ಅಂದಳು.

ನೆರಳಿರಲಿಲ್ಲ.
ಹಾಲವಾಣ ಆಗ ತಾನೇ ಚಿಗುರುತ್ತಿತ್ತು.

ಮೈಕಿನವನು ತಾತಂದಿರ ಹೆಸರು ಹಿಡಿದು ಆಟಗಾರರನ್ನು ಕರೆದ.
ಅರವತ್ತೆರಡರ ಪಳಂಗಪ್ಪ ದೊಡ್ಡಪ್ಪ, ಮೊಣಕಾಲಿಗೆ ಪಟ್ಟಿ;
ಪಕ್ಕದಲ್ಲಿ ಮೊಮ್ಮಗ, ಎದೆಮಟ್ಟದ ಸ್ಟಿಕ್ಕು;
ಗೋಲಿಗೆ ದೊಡ್ಡಪ್ಪನ ಕಿರಿ ಸೊಸೆ ದೇಚಮ್ಮ,
ಮದುವೆಯಾಗಿ ಎಂಟು ತಿಂಗಳು,
ಯಾರದೋ ಪ್ಯಾಡು, ಯಾರದೋ ಹೆಲ್ಮೆಟ್ಟು.

ನಮ್ಮದೊಂದು ಗೋಲಾಯಿತು, ನಾನು ಕೂಗಿದೆ.
ಅವರದೊಂದಾಯಿತು, ಸುಮ್ಮನಾದೆ.
ಅವ್ವ ಎರಡಕ್ಕೂ ತಲೆಯೆತ್ತದೆ
ಹುರಿದ ಹಲಸಿನ ಬೀಜದ ಸಿಪ್ಪೆ ಬಿಡಿಸಿ
ನನ್ನ ಅಂಗೈಗೆ ಹಾಕುತ್ತಿದ್ದಳು,
ನಲವತ್ತೊಂದರ ಮಗಳಿಗೆ, ಊದಿ ಊದಿ.

ಅರ್ಧ ಆಟ ಮುಗಿದು ಕಡೆ ಬದಲಾಯಿತು.
ದೇಚಮ್ಮ ಪ್ಯಾಡು ಎಳೆಯುತ್ತ
ನಮ್ಮ ಮುಂದಿನ ಗೋಲಿಗೆ ಬಂದಳು.
ಅವ್ವ ಬೀಜದ ಪೊಟ್ಟಣ ಕಟ್ಟಿ
ಕುರ್ಚಿಯ ಅಂಚಿಗೆ ಜರುಗಿದಳು.
ಆಗ ತಿಳಿಯಿತು ನನಗೆ ಅವಳ ನೆರಳಿನ ಲೆಕ್ಕ.

ವಿರಾಜಪೇಟೆಯ ಶಾಲೆಗೆ ಅವ್ವ ಗೋಲು ಕಾಯುತ್ತಿದ್ದಳೆಂದು
ನನಗೆ ಹೇಳಿದ್ದು ಅವಳಲ್ಲ,
ಅಟ್ಟದಲ್ಲಿ ಸಿಕ್ಕಿದ ಬೆತ್ತದ ಪ್ಯಾಡು.
ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು.
ಕೇಳಿದರೆ, "ಕೋಳಿ ಎಬ್ಬಿಸಬೇಡ" ಅಂದಿದ್ದಳು ಅಷ್ಟೆ.

ಇನ್ನೆರಡು ನಿಮಿಷ. ಚೇಮಿರಕ್ಕೆ ಪೆನಾಲ್ಟಿ ಕಾರ್ನರ್.
ಎರಡೂ ಶಾಮಿಯಾನ ಎದ್ದು ನಿಂತವು.
ಅವ್ವ ಏಳಲಿಲ್ಲ.
ಕೊಡವ ತಕ್ಕಿನಲ್ಲಿ, ಮೆಲ್ಲಗೆ,
ಹಾಲು ಕರೆವಾಗ ಒದೆಯುವ ಹಸುವಿಗೆ ಹೇಳುವ ಹಾಗೆ
ಹೇಳತೊಡಗಿದಳು: ಎಡಗಾಲು, ಹುಡುಗಿ, ಎಡಗಾಲು.
ಹೊಡೆಯುವವನು ಅವಳ ತಮ್ಮನ ಮಗ.

ದೇಚಮ್ಮ ಬಲಕ್ಕೆ ವಾಲಿದಳು.
ಚೆಂಡು ಹಲಗೆಗೆ ಬಡಿದ ಸದ್ದು
ಅಗುಳಿ ಬಿದ್ದ ಹಾಗೆ.

ಆ ಕಡೆ ವಾಲಗ ಶುರುವಾಯಿತು, ಮಾವಂದಿರು ಕೈಯೆತ್ತಿ ಕುಣಿದರು.
ಅವ್ವನ ಎಡಗಾಲು ಚಪ್ಪಲಿ ಬಿಟ್ಟು
ಹುಲ್ಲಿನಲ್ಲಿ ಬೆರಳೂರಿ ನಿಂತಿತ್ತು, ಒಂಟಿಯಾಗಿ.

ಕುರ್ಚಿ ಮಡಿಚುವಷ್ಟರಲ್ಲಿ ಅವಳು ಬೇಲಿಯ ಹತ್ತಿರ,
ಬೀಜದ ಪೊಟ್ಟಣ ದೇಚಮ್ಮನ ಕೈಯಲ್ಲಿ.
ಏನು ಹೇಳಿದಳೋ, ಕೇಳಿಸಲಿಲ್ಲ.
ಹುಡುಗಿ ಮೂಗೊರೆಸಿಕೊಂಡು ನಕ್ಕಿತು.

ಹೊರಟೆವು. ಹಿಂದಿನಿಂದ ಅಪ್ಪ,
ನೆಂಟರ ಮನೆಯಲ್ಲಿ ಮಾತಾಡುವವನಂತೆ,
"ಚೇಮಿರದವರು ಚೆನ್ನಾಗಿ ಆಡಿದರು."
ಅವ್ವ ಕಿಟಕಿಯ ಆಚೆ ನೋಡುತ್ತಿದ್ದಳು.
ಸ್ವಲ್ಪ ದೂರ ಬಂದ ಮೇಲೆ ಅವನೇ,
"ಆ ಹುಡುಗಿಗೆ ಯಾರಾದರೂ ಹೇಳಿಕೊಡಬೇಕಿತ್ತು."

ಬೇತುವಿನ ತಿರುವಿನಲ್ಲಿ ಮರದ ಲಾರಿ ಎದುರಾಯಿತು.
ನಾನು ಬ್ರೇಕು ಒತ್ತುವ ಮೊದಲೇ
ಪಕ್ಕದ ಸೀಟಿನ ಕೆಳಗೆ
ಅವಳ ಎಡಗಾಲು
ಮುಂದೆ ಬಂದಿತ್ತು.