ಸೂರಿನಿಂದ ಇಳಿದ ಹಳಿ

ನಮ್ಮಪ್ಪ ಅಸ್ಮೆರೋಮ್ ರೈಲು ಬಿಡುತ್ತಿದ್ದ.
ಹಗಲು ಹಳಿಯ ಮೇಲೆ, ಸಂಜೆ ಹೆಂಡದಂಗಡಿಯಲ್ಲಿ.
ಅರ್ಬರೋಬದ ತಿರುವಿನಲ್ಲಿ ಬಬೂನೊಂದು
ಅಡ್ಡ ನಿಂತು ಟಿಕೆಟ್ಟು ಕೇಳಿತಂತೆ.
ಮಂಜು ಎಷ್ಟು ದಟ್ಟವೆಂದರೆ
ಸಲಿಕೆಯಲ್ಲಿ ಮೊಗೆದು ಬಾಯ್ಲರಿಗೆ ಹಾಕಿದನಂತೆ.

ನಿಜ ಹೇಳುವಾಗ ಅವನ ದನಿ ಸಣ್ಣದು:
ಮಸಾವದ ಉಪ್ಪಿನಿಂದ ಅಸ್ಮಾರಾದ ಚಳಿಗೆ
ನೂರ ಹದಿನೆಂಟು ಕಿಲೋಮೀಟರು.
ಹಳಿಗೂ ಹಳಿಗೂ ನಡುವೆ ಎರಡು ಮೊಳ, ಮೇಲೆರಡು ಬೆರಳು.
ಅಳತೆಗೆ ಕೋಲು ಬೇಡ, ನನ್ನ ಕೈಯೇ ಸಾಕು.
ಕಟ್ಟುವಾಗ ಸತ್ತವರ ಲೆಕ್ಕ ಯಾವ ಕಡತದಲ್ಲಿದೆಯೋ ಕಾಣೆ.
ನನ್ನಜ್ಜನ ಅಣ್ಣ ಹದಿನಾರನೇ ಸುರಂಗದಲ್ಲಿದ್ದಾನೆ,
ಅಲ್ಲಿ ಸೀಟಿ ಉದ್ದ ಹೊಡೆಯುತ್ತೇನೆ.

ಇಟಲಿಯವರ ಕಾಲದಲ್ಲಿ ನಮಗೆ
ನಾಲ್ಕನೇ ತರಗತಿಗೇ ಪೂರ್ಣವಿರಾಮ.
ಕಲ್ಲಿದ್ದಲು ಎಸೆಯುವವನಿಗೆ ಐದನೆಯದು ಯಾಕೆ?
ಅವರು ಹೋದರು. ಇಂಗ್ಲಿಷರು ಬಂದು ಹೋದರು.
ಅಡಿಸ್ ಅಬಾಬದವರು ಬಂದು, ಹೋಗಲೊಲ್ಲದೆ ಕೂತರು.
ಅಪ್ಪನ ನಾಲಿಗೆಯಲ್ಲಿ ಉಳಿದದ್ದು
ಇಂಜಿನ್ನಿನ ಅರವತ್ತು ಅಂಗಗಳ ಇಟಾಲಿಯನ್ ಹೆಸರು,
ಜೊತೆಗೆ ಎರಡು ಬೈಗುಳ, ಏರುದಾರಿಗೆ ಮೀಸಲು.

ಆಮೇಲೆ ಯುದ್ಧ ಹಳಿಯನ್ನೇ ತಿಂದಿತು.
ಅವರೂ ಕಿತ್ತರು, ನಾವೂ ಕಿತ್ತೆವು.
ನಾವು ಎಂದರೆ ನಾನು ಕೂಡ:
ಹತ್ತೊಂಬತ್ತರ ಹುಡುಗಿ, ಹೆಗಲಿಗೆ ಬಂದೂಕು,
ಒಂಟೆಯ ಎರಡೂ ಪಕ್ಕೆಗೆ ತುಂಡು ಕಂಬಿ ಬಿಗಿದು
ಇರುಳಲ್ಲಿ ಬೆಟ್ಟ ಹತ್ತಿಸಿದವಳು.
ಕಂದಕದ ಮೇಲೆ ಕಂಬಿ, ಕಂಬಿಯ ಮೇಲೆ ಕಲ್ಲು,
ಕಲ್ಲಿನ ಮೇಲೆ ಮಣ್ಣು,
ಮಣ್ಣಿನ ಮೇಲೆ ವಿಮಾನ.

ಒಂಬತ್ತು ವರ್ಷ ಅಂಗಾತ ಮಲಗಿ ಕಂಬಿ ಎಣಿಸಿದೆ.
ಜೈಲಲ್ಲ. ಆದರೂ ಎಣಿಸಿದೆ. ಹದಿನಾಲ್ಕು.
ಏಳನೆಯದರ ಅಂಚಿನಲ್ಲಿ ಉಳಿಯಿಂದ ಕೊರೆದ
ಪುಟ್ಟ ಮೀನು, ಒಂದೇ ಕಣ್ಣು.
ಬಾಂಬು ಬಿದ್ದಾಗಲೆಲ್ಲ ಮಣ್ಣು ಉದುರಿ
ಮೀನು ಈಜಿದಂತೆ ಕಾಣುವುದು.
ಲೆತೆಬ್ರಹಾನ್ ಸತ್ತ ರಾತ್ರಿ
ಅದನ್ನೇ ನೋಡುತ್ತಿದ್ದೆ.

ಗೆದ್ದೆವು. ಕೋಟು ಟೈಯವರು ಬಂದು
ಹೊಸ ಹಳಿಗೆ ಕೋಟಿಗಟ್ಟಲೆ ಬೆಲೆ ಹೇಳಿ ಹೋದರು.
ರೇಡಿಯೋದಲ್ಲಿ ಕರೆ: ಪಿಂಚಣಿಯವರೇ, ಬನ್ನಿ.
ಎಪ್ಪತ್ನಾಲ್ಕರ ಅಪ್ಪ ಶೂ ಹುಡುಕಿದ.
ಕಣ್ಣು ಹೋದ ಶೇಖೆದ್ದೀನ್ ಬಂದ,
ಸುತ್ತಿಗೆಯಲ್ಲಿ ಕಂಬಿ ತಟ್ಟಿ, ಕಿವಿಗೊಟ್ಟು
ಬಿರುಕು ಎಲ್ಲಿದೆ ಎಂದು ಹೇಳುವನು.
ಸೀಟಿ ಊದುವವನಿಗೇ ಉಬ್ಬಸ.
ನಾವು ನಕ್ಕೆವು, ಅವರೂ ನಕ್ಕರು, ಕೆಮ್ಮು ಬರುವತನಕ.

ಸೂರು ಬಿಚ್ಚಲು ನನ್ನನ್ನೇ ಕರೆದೊಯ್ದರು,
ಜಾಗ ಗೊತ್ತಿದ್ದವಳೆಂದು.
ಏಳನೆಯದು ಬಾಗಿತ್ತು, ಹುಬ್ಬಿನಷ್ಟು.
ಅಪ್ಪ ಹೆಬ್ಬೆರಳಿನಿಂದ ಮಣ್ಣು ಒರೆಸಿ ಸುಮ್ಮನಾದ.
“ಗ್ಯಾಂಗಿನಲ್ಲಿದ್ದಾಗ ಹೆಸರು ಬರೆಯಲು ಬಿಡುತ್ತಿರಲಿಲ್ಲ.
ನಾನು ಹಾಸಿದ ಕಂಬಿಗೆ ಮೀನು ಹಾಕುತ್ತಿದ್ದೆ.”
ನಂಬಲಿಲ್ಲ. ಜೀವಮಾನವಿಡೀ ರೈಲು ಬಿಟ್ಟವನು.
ದನಿ ಮಾತ್ರ ಸಣ್ಣದಿತ್ತು.

ಕೆಂಪಗೆ ಕಾಸಿ, ಬಡಿದು, ನೇರ ಮಾಡಿದರು.
ಮೀನು ಅರ್ಧ ಅಳಿಸಿತು.
ಈಗದು ಗಿಂದಾದ ಕೆಳಗೆಲ್ಲೋ ಹಳಿಯಾಗಿದೆ.
ವಾರಕ್ಕೊಮ್ಮೆ ಬಂಡಿ, ಕೆಲವು ವಾರ ಅದೂ ಇಲ್ಲ.
ಪ್ರವಾಸಿಗಳು ಕಿಟಕಿಯಿಂದ
ಪಾಪಾಸುಕಳ್ಳಿಯ ಫೋಟೋ ತೆಗೆಯುತ್ತಾರೆ.
ಹದಿನಾರನೇ ಸುರಂಗದಲ್ಲಿ ಹೊಸ ಹುಡುಗ
ಸೀಟಿ ಉದ್ದ ಹೊಡೆಯುತ್ತಾನೆ,
ಯಾಕೆಂದು ಅವನಿಗೆ ಯಾರೂ ಹೇಳಿಲ್ಲ.

ಬೆಟ್ಟದಲ್ಲಿ ಆ ಕಂದಕ ಬಾಯಿ ತೆರೆದುಕೊಂಡಿದೆ,
ಒಳಗೆ ಮೇಕೆಗಳು.
ನಾನು ಹಾಸಿಗೆಯಲ್ಲಿ ಅಂಗಾತ ಮಲಗಿ
ಆರರವರೆಗೆ ಎಣಿಸುತ್ತೇನೆ,
ಆಮೇಲೆ ಎಂಟು.