ಬುಧವಾರ, ಶನಿವಾರ, ಒಂದರಿಂದ ನಾಲ್ಕು

ರೈಲು ನಿಂತುಹೋದ ಮೇಲೆ ಠಾಣೆಯೇ ಮ್ಯೂಸಿಯಂ ಆಯಿತು.
ಟಿಕೆಟ್ ಕಿಂಡಿಯ ಹಿಂದೆ ಆರ್ಡಿತ್ ಪ್ರೂಯಿಟ್
ಕಾಲುಚೀಲ ಹೆಣೆಯುತ್ತ ಕೂತಿರುತ್ತಾಳೆ.
ಪ್ರವೇಶ ಪುಕ್ಕಟೆ. ಕಾಫಿ ಡಬ್ಬಿಯ ಮುಚ್ಚಳ ಸೀಳಿಟ್ಟಿದೆ,
ಮನಸ್ಸಿದ್ದವರು ಹಾಕಬಹುದು.
ಇದ್ದವರು ಕಡಿಮೆ.

ನೋಡಲು ಹೆಚ್ಚೇನಿಲ್ಲ ಒಳಗೆ:
ಬೆಂಕಿ ಆರಿಸುತ್ತಿದ್ದವರ ತೊಗಲ ಬಕೆಟ್ಟು,
ಹದಿನೇಳರ ಯುದ್ಧಕ್ಕೆ ಹೊರಟವರ ಫೋಟೋ
(ಒಬ್ಬ ಮಾತ್ರ ನಗುತ್ತಿದ್ದಾನೆ, ಅವನ ಹೆಸರೇ ಯಾರಿಗೂ ಗೊತ್ತಿಲ್ಲ),
ಗೋಡೆಯ ಮೇಲೆ ನೆರೆಯ ನೀರು ನಿಂತ ಗೆರೆ;
ಅದಕ್ಕೆ ಬಣ್ಣ ಬಳಿಯಬಾರದೆಂದು ಕೌನ್ಸಿಲಿನ ಠರಾವು.

ನಮ್ಮೂರ ಚರಿತ್ರೆ ಇರುವುದು ಕಾಲಡಿಗೆ.
ಟೊಮೆಟೊ ನೆಡಲು ಸಲಿಕೆ ಊರಿದರೆ ಟಕ್ ಎನ್ನುತ್ತದೆ:
ಕಪ್ಪೆಚಿಪ್ಪು.
ಒಂದೊಂದರಲ್ಲೂ ಮೂರು ನಾಲ್ಕು ದುಂಡು ತೂತು,
ಬಿಸ್ಕತ್ತು ಕೊಯ್ದು ಉಳಿದ ಹಿಟ್ಟಿನ ಹಾಗೆ.
ಗಲ್ಲಿಗಳಿಗೆ ಜಲ್ಲಿಯ ಬದಲು ಅದನ್ನೇ ಸುರಿದಿದ್ದರು,
ಲೂಥರನ್ ಚರ್ಚಿನ ಪಾಯಕ್ಕೂ ಅದೇ,
ಬೇಸ್‌ಬಾಲ್ ಮೈದಾನದ ಅಡಿಗೂ ಅದೇ.
ಹೈಸ್ಕೂಲಿನ ತಂಡಕ್ಕೆ ಈಗಲೂ ಪರ್ಲ್ಸ್ ಎಂದೇ ಹೆಸರು;
ಎದುರಾಳಿಗಳು ನಗುತ್ತಾರೆ,
ಮೊದಲ ಸಲ ಜಾರಿಬಿದ್ದು ಮೊಣಕಾಲು ಸೀಳಿಕೊಳ್ಳುವ ತನಕ.

ಹೊಳೆಯ ತಳವನ್ನೆಲ್ಲ ಬಾಚಿ ತಂದು
ದಡದಲ್ಲೇ ಕುದಿಸಿ, ಮಾಂಸ ಹಂದಿಗಳಿಗೆ ಹಾಕಿ,
ಚಿಪ್ಪನ್ನು ಕೊಳವೆ ಗರಗಸದ ಬಾಯಿಗೆ ಕೊಟ್ಟರು.
ಷಿಕಾಗೋಗೆ ಹೋದವು, ನ್ಯೂಯಾರ್ಕಿಗೆ ಹೋದವು,
ಮದುಮಗನ ಅಂಗಿ, ವಕೀಲನ ಅಂಗಿ,
ಹೆಣಕ್ಕೆ ತೊಡಿಸುವ ಅಂಗಿಯ ಎದೆಗೂ ಹತ್ತಿದವು.
ಆಮೇಲೆ ಪ್ಲಾಸ್ಟಿಕ್ ಬಂತು.
ಗುಂಡಿಯೆಲ್ಲ ಹೋಗಿ
ಗುಂಡಿಯಷ್ಟೇ ಉಳಿಯಿತು ನಮಗೆ.

ಲೆಡ್ಜರು ಗಾಜಿನ ಕೆಳಗಿದೆ, ಒಂದೇ ಪುಟ ತೆರೆದು.
ಓಟಿಲಿ ರೀನ್‌ಕೆ, ಕಣ್ಣು ಕೊರೆಯುವವಳು, ಶನಿವಾರದ ಲೆಕ್ಕ.
ಊರಿಗೆಲ್ಲ ಡಜನ್ನಿಗೆ ಹನ್ನೆರಡು,
ಫ್ಯಾಕ್ಟರಿಯ ಡಜನ್ನಿಗೆ ಹದಿನಾಲ್ಕು.
ಎರಡು ಒಡಕಿಗೆಂದು ಮುರಿದುಕೊಳ್ಳುತ್ತಿದ್ದರು,
ಒಡೆದರೂ, ಒಡೆಯದಿದ್ದರೂ.
ಹದಿಮೂರನೇ ಇಸವಿಯ ಮಾರ್ಚಿನಲ್ಲಿ
ಹುಡುಗಿಯರು ಯಂತ್ರ ಬಿಟ್ಟು ಎದ್ದರು.
ಕಂಚಿನ ಫಲಕದಲ್ಲಿ ಅದಕ್ಕೆ ಅರ್ಧ ಸಾಲು:
‘ಕೆಲವು ಭಿನ್ನಾಭಿಪ್ರಾಯಗಳ ತರುವಾಯ’.
ಆ ಕೆಲವು ಭಿನ್ನಾಭಿಪ್ರಾಯಗಳಿಗೆ ಇಂದಿಗೂ
ಡಾಟ್ಸ್ ಡೈನರಿನಲ್ಲಿ ಎರಡು ಬೇರೆ ಮೇಜು.
ಕಾಫಿ ಒಂದೇ ಜಗ್ಗಿನದು.

ಮೊನ್ನೆ ಬುಧವಾರ ವೆಂಡೆಲ್ ಹಾಕ್ ಬಂದ,
ನೀರು ಸರಬರಾಜಿನವನು, ಬೂಟಿನ ತುಂಬ ಕೆಸರು.
ನಾಲ್ಕನೇ ಬೀದಿಯಲ್ಲಿ ಪೈಪು ಒಡೆದಿತ್ತು,
ಅಗೆದಾಗ ಸಿಕ್ಕವು ಎಂದು ಬಕೆಟ್ ಇಳಿಸಿದ.
ಅವನ ಮುತ್ತಾತ ಎಣಿಕೆಯ ಮೇಜಿನವನು.
ಓಟಿಲಿ ಇವಳ ಅಜ್ಜಿ.
ಐವತ್ತು ವರ್ಷ ಒಂದೇ ಚರ್ಚು, ಹಿಂದೆ ಮುಂದಿನ ಬೆಂಚು;
ಹಿಮ ಬಿದ್ದ ಬೆಳಗು ಅವಳ ಅಂಗಳ ಮೊದಲು ಸರಿಸುವವನು ಅವನೇ;
ಈ ಮಾತೊಂದನ್ನು ಮಾತ್ರ ಇಬ್ಬರೂ ಎತ್ತಿದವರಲ್ಲ.

ಅವಳು ಹೆಣಿಗೆ ಬದಿಗಿಟ್ಟಳು.
ಅವನು ಒಂದೊಂದೇ ಚಿಪ್ಪು ಪ್ಯಾಂಟಿಗೆ ಒರೆಸಿ
ಕಿಂಡಿಯ ಕಟ್ಟೆಯ ಮೇಲೆ ಜೋಡಿಸುತ್ತ ಹೋದ.
ಹನ್ನೊಂದು. ಹನ್ನೆರಡು.
ತಳದಲ್ಲಿ ಇನ್ನೂ ಎರಡಿದ್ದವು. ಅವನ್ನೂ ಇಟ್ಟ.

ಆರ್ಡಿತ್ ಕನ್ನಡಕ ಏರಿಸಿಕೊಂಡು
ಆ ಎರಡನ್ನು ಬೆರಳ ತುದಿಯಿಂದ ಅವನತ್ತ ತಳ್ಳಿದಳು:
‘ಡಜನ್ ಅಂದರೆ ಹನ್ನೆರಡು, ವೆಂಡೆಲ್.’

ಅವನೇನೂ ಅನ್ನಲಿಲ್ಲ. ಜೇಬಿಗೆ ಹಾಕಿಕೊಂಡ.
ಹೋಗುವಾಗ ಡಬ್ಬಿಗೆ ಒಂದು ಡಾಲರು.
ಬಾಗಿಲು ಕೆಳಗೆ ಉಜ್ಜುತ್ತಿದೆ,
ಶನಿವಾರ ಬಂದು ತುಸು ಕೆತ್ತಿಕೊಡುತ್ತೇನೆ ಅಂದ.

ನಮ್ಮೂರಲ್ಲಿ ಇಂಥದ್ದೆಲ್ಲ
ಬೆಳಗಾಗುವುದರೊಳಗೆ ಎರಡೂ ಮೇಜಿಗೆ ಮುಟ್ಟುತ್ತದೆ.
ಇದೂ ಮುಟ್ಟಿತು: ಅಂದು ರಾತ್ರಿ
ಅವನ ಮನೆಯ ಬಟ್ಟೆ ಒಗೆಯುವ ಯಂತ್ರದೊಳಗೆ
ಏನೋ ಗಲಗಲ, ಗಲಗಲ.
ಟೀವಿಯ ಮುಂದಿನಿಂದಲೇ ಹೆಂಡತಿ ಕೇಳಿದಳಂತೆ, ಏನದು ಸದ್ದು?
‘ಏನಿಲ್ಲ,’ ಅಂದನಂತೆ,
‘ಗುಂಡಿ ಇರಬೇಕು.’