ಮೂರನೆಯ ವಿಷಯ

ಜೂನ್ ಬಂತೆಂದರೆ ಬರುತ್ತಾರೆ ಇವರು,
ಬಸ್ಸು ತಪ್ಪಿದವರ ಮುಖ ಹೊತ್ತು.
ಒಂದು ವರ್ಷ ಕೂತು ಏಳಲಿಕ್ಕೆ
ಬಿ.ಎಸ್ಸಿ. ಒಂದು ಜಗಲಿ.
ಪ್ರಾಕ್ಟಿಕಲ್ ಮೇಜಿನಡಿ ನೀಟ್ ಪುಸ್ತಕ,
ಮೇಲೆ ಯಾರೂ ನೋಡದ ಸ್ಲೈಡು.
ನಾನು ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರು;
ಹೆಸರು ಬಾಯಿಗೆ ಬರುವಷ್ಟರಲ್ಲಿ
ಅರ್ಧ ಜನ ಟೀಸಿ ಕೇಳುತ್ತಾರೆ.

ಈ ಹುಡುಗಿ ದಕ್ಷತಾ ತಾಂಡೇಲ, ಬೈತಖೋಲದವಳು.
ಕೊಡೆಯ ನೀರು ಹೊರಗೇ ಕೊಡವಿ
ಫಾರ್ಮು ನನ್ನ ಮುಂದಿಟ್ಟಳು:
ರಸಾಯನ, ಸಸ್ಯ. ಮೂರನೆಯ ಗೆರೆ ಖಾಲಿ.
“ಮಾಮಾ, ಯಾವ್ದು ತಕಂಡ್ರೆ ಅಲ್ಲಿಗೆ ಹತ್ರ?”

ಅಲ್ಲಿ ಅಂದರೆ ಮೆಡಿಕಲ್ ಕಾಲೇಜು.
ನಡೆದರೆ ಹತ್ತು ನಿಮಿಷ.
ಅವಳಿಗೆ ಹನ್ನೊಂದು ಅಂಕ.

ಕೇಳಬೇಕಾದ್ದು ಪ್ರೊಫೆಸರರನ್ನು. ಅವರು ಮೀಟಿಂಗಿನಲ್ಲಿ.
ಅಣ್ಣ ಹೇಳಿದನಂತೆ: ನರ್ಸಿಂಗ್ ಮಾಡು, ಸಂಬಳ ಗ್ಯಾರಂಟಿ.
ಕೋಚಿಂಗ್ ಸರ್ ಹೇಳಿದರಂತೆ: ಏನೂ ಸೇರಬೇಡ,
ಕೋಣೆ ಸೇರಿ ಬಾಗಿಲು ಹಾಕಿಕೋ.
ಆಯಿ ಹೇಳಿದ್ದು: ಫೀಸು ಎರಡು ಕಂತಾದರೆ ಯಾವುದೂ ಸೈ.
ನಾನೇನು ಹೇಳಲಿ,
ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದವನು?
“ಒಳಗೆ ಬಾ, ನೋಡು” ಅಂದೆ, ಸುಮ್ಮನೆ.

ಕಪಾಟಿನಲ್ಲಿ ನನ್ನ ಸಂಸಾರ:
ಎರಡು ಕಪ್ಪೆ, ಕಡಲಕುದುರೆ, ಬಿಳಿಚಿದ ಹಾವು,
ಹೆಸರು ಅಳಿಸಿಹೋದ ಎಂಥದೋ ಹುಳ,
ನಡುವೆ ದೊಡ್ಡ ಬಾಟಲಿಯಲ್ಲಿ ಮೋರಿಯ ಮರಿ.
ಹದಿನೆಂಟು ವರ್ಷ ಫಾರ್ಮಾಲಿನ್ ಎರೆದಿದ್ದೇನೆ ಅದಕ್ಕೆ,
ಕಣ್ಣು ಉರಿಸಿಕೊಂಡು, ಬಾಣಂತಿಮನೆಯ ಕೂಸಿಗೆ ಎರೆದಂತೆ.
ಲೇಬಲ್ಲಿನಲ್ಲಿ ದುಂಡು ಅಕ್ಷರ: ಶಾರ್ಕ್, ಗಂಡು.

ಅವಳು ಬಾಟಲಿಯನ್ನು ಕಿಟಕಿಗೆ ತಿರುಗಿಸಿದಳು.
“ಮಾಮಾ, ಇದು ಹೆಣ್ಣು.”

“ಗಂಡಿಗೆ ಹೊಟ್ಟೆ ಕೆಳಗೆ, ರೆಕ್ಕೆ ಬದಿಗೆ
ಎರಡು ಕಡ್ಡಿ ಇರ್ತದೆ.
ಆಯಿ ಕೊಯ್ವಾಗ ತೋರ್ಸಿದ್ಳು.”

ಕನ್ನಡಕ ಒರೆಸಿ ನೋಡಿದೆ. ಕಡ್ಡಿ ಇರಲಿಲ್ಲ.

ಹದಿನೆಂಟು ಬ್ಯಾಚು. ರ‍್ಯಾಂಕಿನವರೂ ಇದ್ದರು.
ಮೂವರು ಡಾಕ್ಟರಾದರು; ಒಬ್ಬರು ನನ್ನ ಬಿ.ಪಿ. ನೋಡುತ್ತಾರೆ,
ಯಂತ್ರದ ಕಡೆ ಮುಖ ಮಾಡಿ.
ಎಲ್ಲರೂ ರೆಕಾರ್ಡಿನಲ್ಲಿ ಗಂಡು ಎಂದೇ ಬರೆದರು,
ಚಿತ್ರವನ್ನೂ ಬಿಡಿಸಿದರು ಚೂಪು ಪೆನ್ಸಿಲ್ಲಿನಲ್ಲಿ,
ಇಲ್ಲದ ಕಡ್ಡಿ ಎರಡನ್ನೂ ಸೇರಿಸಿ.
ಹತ್ತಕ್ಕೆ ಒಂಬತ್ತು.

ಅವಳು ಮೂರನೆಯ ಗೆರೆಯಲ್ಲಿ ಏನು ಬರೆದಳೋ,
ನಾನು ನೋಡಲಿಲ್ಲ; ಗೋಂದು ಹುಡುಕುತ್ತಿದ್ದೆ.
ಹೊಸ ಲೇಬಲ್ಲಿಗೆ ಪ್ರೊಫೆಸರರ ಸಹಿ ಬೇಕಂತೆ.
ಬರುವ ಜೂನಿಗೆ ಅವಳೂ ಟೀಸಿ ಕೇಳಬಹುದು. ಕೇಳಲಿ.

ಸದ್ಯಕ್ಕೆ ಬಾಟಲಿಯನ್ನು
ಹೊಟ್ಟೆ ಕಾಣುವಂತೆ ತಿರುಗಿಸಿಟ್ಟಿದ್ದೇನೆ.